ಅರ್ಧಕ್ಕೆ ನಿಂತ ಆಶೀರ್ವಾದ

ಈ ಬೆಳಗ್ಗೆ ವಾರ್ಡಿನ ಬಾಗಿಲಲ್ಲಿ ಹೊಸ ನರ್ಸು ಹುಡುಗಿಯೊಬ್ಬಳು ನನ್ನ ಮುಂದೆ ತಲೆ ಬಗ್ಗಿಸಿ ನಿಂತಳು. ಬಿಗಿಯಾಗಿ ಕಟ್ಟಿದ ಕೂದಲಿನಿಂದ ಕೊಬ್ಬರಿಎಣ್ಣೆ, ಅದರಡಿಯಲ್ಲಿ ಒಂಚೂರು ಸೌದೆಹೊಗೆಯ ವಾಸನೆ. ನಮ್ಮ ನೀಲಗಿರಿ ಬೆಟ್ಟದ ಬಡಗರ ಹಟ್ಟಿಯವಳೆಂದು ಯಾರೂ ಹೇಳಬೇಕಿರಲಿಲ್ಲ. ನಮ್ಮಲ್ಲಿ ಕಿರಿಯರು ಹೀಗೆ ತಲೆ ಬಗ್ಗಿಸಿದರೆ ಹಿರಿಯರು ನೆತ್ತಿ ಮುಟ್ಟಿ ಹರಸಬೇಕು. ಅದೂ ಒಂದು ಮಾತಿನಲ್ಲಿ ಮುಗಿಯುವುದಲ್ಲ. ಮನೆ ತುಂಬಲಿ, ಹಾಲು ಉಕ್ಕಲಿ, ನಡೆವ ದಾರಿ ಸಲೀಸಾಗಲಿ ಎಂದು ಸಾಲಾಗಿ ಬರಬೇಕು. ನಾನು ಹಿರಿಯಳಾದದ್ದು ಯಾವಾಗ ಎಂದು ಮೊದಲು ಗಾಬರಿಯಾಯಿತು. ಕೈಯೇನೋ ನೆತ್ತಿಯ ಮೇಲೆ ಹೋಯಿತು, ಮಾತು ಬರಲಿಲ್ಲ.

ಬರದಿರಲು ಕಾರಣವಿದೆ. ಹೇಳುತ್ತೇನೆ, ಕುಳಿತುಕೊಳ್ಳಿ. ನನಗೂ ಮೊಣಕಾಲು ನೋಯುತ್ತಿದೆ.

ಆಗ ನಾನು ಗೂಡಲೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸು. ಹೆಂಗಸರ ವಾರ್ಡು, ಎಂಟು ಮಂಚ. ಯಾವ ರೋಗಿಯನ್ನು ಮೊದಲು ನೋಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆದರೆ ನನ್ನ ಕೈಕಾಲಿಗೆ ಕಲಿಸಿದ್ದು ಹಟ್ಟಿ. ಬಡಿಸುವುದಾಗಲಿ, ಮಾತಾಡಿಸುವುದಾಗಲಿ, ಅಲ್ಲಿ ಎಲ್ಲವೂ ಹಿರಿಯರಿಂದ ಶುರು. ಹಾಗಾಗಿ ದಿನಾ ಬೆಳಗ್ಗೆ, ನನಗೇ ತಿಳಿಯದಂತೆ, ವಯಸ್ಸಿನ ಪ್ರಕಾರ ವಾರ್ಡು ಸುತ್ತುತ್ತಿದ್ದೆ.

ಎಂಟನೇ ಮಂಚದಲ್ಲಿ ಮೊಣಕಾಲು ಊದಿದ ಹೆತ್ತೆ. ಅಜ್ಜಿಯನ್ನು ನಾವು ಕರೆಯುವುದೇ ಹಾಗೆ. ಏಳರಲ್ಲಿ ಮೋಯಾರ್ ಕಡೆಯ ಮಾದಿ, ಕಾಡಿನ ಕೂಲಿಯವಳು, ಉಬ್ಬಸಕ್ಕೆ ಸೇರಿದ್ದಳು. ಬಾಗಿಲ ಬಳಿ ಟೀ ಫ್ಯಾಕ್ಟರಿ ಮೇಸ್ತ್ರಿಯ ಹೆಂಡತಿ. ಅವರ ಕೈಗೆ ನಾಲ್ಕು ಹೊಲಿಗೆ ಬಿದ್ದಿತ್ತು, ಗಂಟಲಿಗೆ ಏನೂ ಆಗಿರಲಿಲ್ಲ.

"ಬಿಸಿನೀರು ಕೇಳಿ ಎಷ್ಟೊತ್ತಾಯ್ತು ಸಿಸ್ಟರ್? ಚೇರಂಬಾಡಿಯಿಂದ ತರಿಸ್ತಿದ್ದೀರಾ?"

ಆ ಬೆಳಗ್ಗೆ, ರಾತ್ರಿ ಪಾಳಿಯವಳು ಮನೆಗೆ ಹೊರಡುವಾಗ ಹೇಳಿದ್ದಳು: "ಮಾದಿ ರಾತ್ರಿಯೆಲ್ಲ ಕುಯ್ ಕುಯ್ ಅಂತಿದ್ಲು. ಈಗ ಸದ್ದಿಲ್ಲ, ಪುಣ್ಯ." ನಾನೂ ಒಮ್ಮೆ ಇಣುಕಿದೆ. ಮಾದಿ ಮುಂದಕ್ಕೆ ಬಾಗಿ ಮಂಚದ ಅಂಚು ಹಿಡಿದು ಕೂತಿದ್ದಳು. ಕೂತೇ ನಿದ್ದೆ ಹೋಗಿದ್ದಾಳೆ, ಎಬ್ಬಿಸುವುದು ಬೇಡ ಎಂದುಕೊಂಡು ಹೆತ್ತೆಯ ಬಳಿ ಹೋಗಿ ತಲೆ ಬಗ್ಗಿಸಿದೆ.

ಹೆತ್ತೆಯ ಆಶೀರ್ವಾದ ನಡುವಟ್ಟಂ ರಸ್ತೆಯ ತಿರುವುಗಳ ಹಾಗೆ, ಮುಗಿಯಿತು ಎನ್ನುವಾಗ ಇನ್ನೊಂದು. ಮನೆ ತುಂಬಿ ಹಾಲು ಉಕ್ಕುವ ಹೊತ್ತಿಗೆ ಅವರ ಕೈ ನಿಂತಿತು. ನನ್ನ ತಲೆಯನ್ನು ಹಿಡಿದು ಪಕ್ಕಕ್ಕೆ ತಿರುಗಿಸಿತು.

"ನಂದು ಇರಲಿ ಕೂಸೇ. ಆ ಹೆಣ್ಣ ನೋಡು. ಬಾಯಿ ತೆಗೀತಾಳೆ, ಮಾತು ಬರ್ತಿಲ್ಲ."

ಮಾದಿಯ ತುಟಿ ನೇರಳೆಹಣ್ಣು ತಿಂದವರ ಹಾಗಿತ್ತು. ಎದೆಯೊಳಗೆ ಗಾಳಿಯೇ ಆಡದಿದ್ದರೆ ಸದ್ದು ಎಲ್ಲಿಂದ ಬರಬೇಕು? ನನ್ನ ಕೂಗಿಗೆ ಹೆಡ್ ನರ್ಸ್ ಅನ್ನಮ್ಮ ಚೇಚಿ, ನಮ್ಮೆಲ್ಲರ ಮಲಯಾಳಿ ಅಕ್ಕ, ಓಡಿಬಂದರು. ಆಕ್ಸಿಜನ್, ಇಂಜೆಕ್ಷನ್, ಡಾಕ್ಟರು. ಬಹಳ ಹೊತ್ತಿನ ಮೇಲೆ ಮಾದಿಯ ಎದೆ ಮತ್ತೆ ಕುಯ್ ಎಂದಿತು. ಅಂಥ ಕೆಟ್ಟ ಸದ್ದು ಕೇಳಿ ನಾನು ಗೋಡೆಗೊರಗಿ ಅತ್ತದ್ದು ಅದೇ ಮೊದಲು.

ಸಂಜೆ ಕೇಳಿದೆ: "ಕೈಯಾದರೂ ಆಡಿಸಬಾರದಿತ್ತಾ ಮಾದಿ?"

"ದೊಡ್ಡವರು ಹರಸ್ತಿದ್ರಲ್ಲ ಅಕ್ಕ," ಎಂದಳು. "ನಡುವೆ ಹೆಂಗೆ?"

ಚೇಚಿ ಬೈಯಲಿಲ್ಲ. ಮಲಯಾಳ, ತಮಿಳು, ನಮ್ಮ ಮಾತು ಎಲ್ಲ ಕಲಸಿ ಅವರು ಹೇಳಿದ್ದು ಇಷ್ಟು: "ಕೊಚ್ಚೇ, ಮಗೂ, ಇಲ್ಲಿ ಅಜ್ಜಿ ಇಲ್ಲ, ಮೇಸ್ತ್ರಿ ಹೆಂಡತಿ ಇಲ್ಲ. ವಯಸ್ಸು ಕೇಳಬೇಡ, ಉಸಿರು ಕೇಳು. ಆಮೇಲೆ ರಕ್ತ, ಆಮೇಲೆ ನೋವು, ಆಮೇಲೆ ಬಿಸಿನೀರು. ನೀನು ಚಾಯ ಕುಡಿಯೋದು ಎಲ್ಲಕ್ಕಿಂತ ಕೊನೆಗೆ." ಮರುದಿನದಿಂದ ಏನನ್ನೂ ಮುಟ್ಟುವ ಮೊದಲು ಬಾಗಿಲಲ್ಲಿ ನಿಂತು ಹತ್ತು ಎಣಿಸಬೇಕು, ಯಾರು ಸುಮ್ಮನಿದ್ದಾರೆ ಎಂದು ಹುಡುಕಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಆ ಚಾಳಿ ಮನೆಗೂ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತು ಹತ್ತು ಎಣಿಸುತ್ತೇನೆ. "ಹಾಲು ಉಕ್ತಿದೆ, ನೀನಲ್ಲಿ ಕಾವಲು ಕಾಯ್ತಿದ್ದೀಯಾ?" ಎಂದು ಯಜಮಾನರು ಕೂಗುತ್ತಾರೆ. ಹೆತ್ತೆಯ ಆಶೀರ್ವಾದದಲ್ಲಿ ಪೂರ್ತಿ ಫಲಿಸಿದ್ದು ಹಾಲಿನದೊಂದೇ.

ಉಳಿದರ್ಧ ನನಗೆ ಸಿಗಲೇ ಇಲ್ಲ. ನನ್ನ ರಜೆಯ ದಿನ ಹೆತ್ತೆಯ ಮಗ ಬಂದು ಅವರನ್ನು ಕರೆದುಕೊಂಡು ಹೋದ. ಆಮೇಲೆ ಬಸ್ಸು ತಪ್ಪಿದರೆ, ಬಿಪಿ ಏರಿದರೆ, ಟೀ ಸೊಪ್ಪಿಗೆ ಮಂಜು ಹೊಡೆದರೆ, ಎಲ್ಲದಕ್ಕೂ ಆ ಉಳಿದರ್ಧವೇ ಕಾರಣವೆಂದು ಕೊರಗಿದ್ದೇನೆ. 'ನಡೆವ ದಾರಿ ಸಲೀಸಾಗಲಿ' ಎಂಬುದು ಅದರಲ್ಲೇ ಇತ್ತಲ್ಲ! ಇಪ್ಪತ್ತೈದು ವರ್ಷದ ಆಯಾಸಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ಇವತ್ತು ಆ ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟು, ಕೊನೆಗೂ "ಮನೆ ತುಂಬಲಿ" ಎಂದು ಶುರು ಮಾಡಿದೆ. ಕಣ್ಣು ತನ್ನ ಪಾಡಿಗೆ ಚೇಚಿಯ ಹತ್ತನ್ನು ಎಣಿಸುತ್ತಿತ್ತು. ಏಳಕ್ಕೆ ಬಂದಾಗ ಕಂಡಿತು: ನಿನ್ನೆಯಿಂದ ಗೊಣಗುತ್ತಿದ್ದ ಐದನೇ ಮಂಚದವರು ಮುಂದಕ್ಕೆ ಬಾಗಿ, ಅಂಚು ಹಿಡಿದು, ಸುಮ್ಮನೆ ಕೂತಿದ್ದಾರೆ.

ನನ್ನ ಕೈ ಹುಡುಗಿಯ ತಲೆಯನ್ನು ಅತ್ತ ತಿರುಗಿಸಿತು. "ಉಳಿದದ್ದು ಇರಲಿ ಕೂಸೇ. ಅವರನ್ನ ನೋಡು."

ಓಡಿದಳು. ಕೈ ಅಲ್ಲೇ, ಗಾಳಿಯಲ್ಲೇ ಉಳಿಯಿತು. ಅದು ನನ್ನ ಕೈ ಎಂದು ನನಗೆ ಅನ್ನಿಸಲಿಲ್ಲ, ಹೆತ್ತೆಯದೆನ್ನಿಸಿತು.

ತಿರುಗಿ ಬಂದು ನಕ್ಕಳು. "ಚಪ್ಪಲಿ ಹುಡುಕ್ತಿದ್ರು ಅಷ್ಟೇ, ಅಕ್ಕ. ಉಸಿರು ಚೆನ್ನಾಗಿದೆ." ಮತ್ತೆ ತಲೆ ಬಗ್ಗಿಸಿದಳು. "ಉಳಿದದ್ದು?"

"ನಿನ್ನ ತಲೆ ಅತ್ತ ತಿರುಗಿಸಿದೆನಲ್ಲ, ಆಗಲೇ ಕೊಟ್ಟಾಯ್ತು," ಎಂದೆ. "ನಡಿ, ಇನ್ನೂ ಏಳು ಮಂಚ ಇದೆ."