ಕೊನೆಯ ಎರಡು ನಿಮಿಷ ಗ್ಯಾರೇಜಿನಲ್ಲಿ

ಕಳೆದ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಆಂಟಿ ಒಂದು ನೀಲಿ ಬಿಸ್ಕತ್ತಿನ ಡಬ್ಬ ತಂದು ನನ್ನ ಕೈಗಿಟ್ಟರು. ಮನೆ ಮಾರಿ ಆಗಿದೆ. ಮುಂದಿನ ತಿಂಗಳು ಟೆಕ್ಸಸ್‌ನಲ್ಲಿರುವ ಮಗಳ ಊರಿಗೆ ಹೊರಟಿದ್ದಾರೆ. "ಇದು ನಿನಗೇ ಸೇರಬೇಕು ಕಣೆ. ನಾನು ಒಂದು ಸಲಾನೂ ತೆಗೆದು ನೋಡಿಲ್ಲ. ಧೈರ್ಯ ಬರಲಿಲ್ಲ" ಅಂದರು. ಅವರು ಹೋದ ಮೇಲೆ ಮುಚ್ಚಳ ತೆಗೆದೆ. ಇಂಗಿನ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಆ ಡಬ್ಬ ಇದ್ದದ್ದು ಅವರ ಪ್ಯಾಂಟ್ರಿಯಲ್ಲಿ, ಇಂಗಿನ ಪಕ್ಕದಲ್ಲಿ. ಆ ವಾಸನೆಯ ಹಿಂದೆಯೇ ಅಂಕಲ್ ಬಂದರು... ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮೊಣಕೈ ಸವೆದ ಮೆರೂನ್ ಸ್ವೆಟರ್ ತೊಟ್ಟು.

ನಾನು ಮದುವೆಯಾಗಿ ಧಾರವಾಡದಿಂದ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿಗೆ ಬಂದ ಹೊಸದರಲ್ಲಿ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಗಂಡ ಬೆಳಗಾಗುವುದರೊಳಗೆ ಬಸ್ಸು ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಅಂಕಲ್ ಮೈಸೂರಿನವರು. ಇಲ್ಲಿಯ ಒಂದು ಸಣ್ಣ ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರೇ ನಮ್ಮ ಬಾಗಿಲು ತಟ್ಟಿದರು.

"ಏನಮ್ಮ, ನಿನಗೆ ಬ್ಯಾಸ್ಕೆಟ್‌ಬಾಲ್ ಗೊತ್ತೇನು?"

"ಇಲ್ರೀ ಅಂಕಲ್."

"ಒಳ್ಳೇದಾಯ್ತು. ಕಣ್ಣು ಕಾಣ್ಸುತ್ತೆ ತಾನೆ? ಅಷ್ಟು ಸಾಕು, ಬಾ."

ಮಾರ್ಚ್ ಎಂದರೆ ಕಾಲೇಜು ಟೂರ್ನಿಯ ತಿಂಗಳು. ದೇಶದ ಎಲ್ಲ ಕಡೆಯ ತಂಡಗಳು ಬರುತ್ತವೆ, ಒಂದು ಸಲ ಸೋತರೆ ಸೀದಾ ಮನೆಗೆ. ಯಾರು ಯಾರನ್ನು ಸೋಲಿಸುತ್ತಾರೆ ಎಂದು ಮೊದಲೇ ಊಹಿಸಿ ತುಂಬಿಸುವ ಒಂದು ಹಾಳೆ ಇರುತ್ತದೆ. ಅದಕ್ಕೆ ಬ್ರ್ಯಾಕೆಟ್ ಅನ್ನುತ್ತಾರೆ. ಅಂಕಲ್ ಆ ಹಾಳೆಯಲ್ಲಿ ಕಾಲೇಜುಗಳ ಹೆಸರನ್ನು ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಊಹೆ ತಪ್ಪಿದರೆ ಅಳಿಸಿ, ನಿಜವಾಗಿ ಗೆದ್ದವರ ಹೆಸರು ಬರೆದೇ ಕಾಫಿ ಕುಡಿಯುತ್ತಿದ್ದರು. ಹಾಳೆಯ ಮೇಲೆ ಸುಳ್ಳು ಇರಬಾರದು ಎಂಬುದು ಅವರ ಪ್ರೊಫೆಸರ್‌ಗಿರಿ.

ಇಷ್ಟೆಲ್ಲ ಲೆಕ್ಕಾಚಾರದ ಮನುಷ್ಯ ಪಂದ್ಯದ ಕೊನೆಯ ಎರಡು ನಿಮಿಷವನ್ನು ಮಾತ್ರ ನೋಡುತ್ತಿರಲಿಲ್ಲ. ಸ್ಕೋರು ಹತ್ತಿರ ಹತ್ತಿರ ಬಂತೆಂದರೆ ಸಾಕು, ಎದ್ದು ಲಾಂಡ್ರಿ ಕೋಣೆ ದಾಟಿ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಹಿಮಕ್ಕೆ ಎರಚುವ ಉಪ್ಪಿನ ಚೀಲಗಳ ನಡುವೆ, ಖಾಲಿ ಸೂಟ್‌ಕೇಸುಗಳ ಪಕ್ಕ ನಿಂತಿರುತ್ತಿದ್ದರು. ಚಿಕ್ಕಂದಿನಲ್ಲಿ ಮನೆಯಲ್ಲಿ ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ನಡೆಯುವಾಗ ಇವರು ಒಳಗೆ ಕಾಲಿಟ್ಟರೆ ವಿಕೆಟ್ ಬೀಳುತ್ತಿತ್ತಂತೆ. ಅಣ್ಣಂದಿರು ಇವರನ್ನು ಹಿತ್ತಲಿಗೆ ಓಡಿಸುತ್ತಿದ್ದರಂತೆ. ಆ ಹಿತ್ತಲನ್ನು ಅಂಕಲ್ ಸಮುದ್ರ ದಾಟಿಸಿ ನ್ಯೂಜೆರ್ಸಿಗೆ ತಂದಿದ್ದರು.

"ನನ್ನ ಕಣ್ಣು ಬಿತ್ತೋ, ಸೋತರು ಅಂತಲೇ. ನಿಮ್ಮ ಧಾರವಾಡದ ಕಣ್ಣು ಗಟ್ಟಿ ಇರುತ್ತೆ. ನೀನು ನೋಡಿ ಹೇಳು."

ಆಂಟಿಗೆ ಈ ಆಟ ಕಂಡರಾಗದು. "ಹತ್ತು ಜನ ಒಂದು ಚೆಂಡಿಗೆ ಹೊಡೆದಾಡೋದನ್ನ ನಾನೇನು ನೋಡ್ಲಿ" ಎಂದು ಅಡುಗೆಮನೆ ಸೇರುತ್ತಿದ್ದರು. ಹಾಗಾಗಿ ವರದಿಗಾರ್ತಿಯ ಕೆಲಸ ನನ್ನ ಪಾಲಿಗೆ ಬಂತು. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಅದೇ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ನೋಡಿ, ಅರ್ಥ ಮಾಡಿಕೊಂಡು, ಗ್ಯಾರೇಜಿನ ಬಾಗಿಲಿಗೆ ಮುಖ ಮಾಡಿ ಕೂಗಬೇಕು. "ಬಿತ್ತರೀ ಅಂಕಲ್!" ಎಂದರೆ ಬಾಗಿಲು ದಡಾರನೆ ತೆರೆದು ಎರಡೂ ಕೈ ಮೇಲೆತ್ತಿಕೊಂಡು ಬರುತ್ತಿದ್ದರು. "ಹೋತರೀ" ಎಂದರೆ ಬಾಗಿಲು ಸ್ವಲ್ಪ ಹೊತ್ತು ತೆರೆಯುತ್ತಿರಲಿಲ್ಲ. ಆಮೇಲೆ ಬಂದು ಏನೂ ಆಗದವರಂತೆ ರಬ್ಬರ್ ಹುಡುಕುತ್ತಿದ್ದರು.

ನನಗೆ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ಎಷ್ಟೋ ಮಾರ್ಚ್‌ಗಳು ಹೀಗೆ ಹೋದವು. ಅಂಕಲ್ ತಮ್ಮ ಕಾಲೇಜಿನ ಹೆಸರನ್ನು ಹಾಳೆಯಲ್ಲಿ ಬರೆಯುವ ಪ್ರಮೇಯವೇ ಬಂದಿರಲಿಲ್ಲ. ಅವರ ನೌಕರಿಯ ಕಾಲದಲ್ಲಿ ಒಂದು ಸಲವೂ ಅದು ಟೂರ್ನಿಗೆ ಬಂದಿರಲಿಲ್ಲ. ಬಂದದ್ದು ಅವರು ಹಾಸಿಗೆ ಹಿಡಿದ ವರ್ಷ.

ಹೃದಯ ದುರ್ಬಲವಾಗಿ, ಕಾಲು ಊದಿ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಮೊದಲ ಪಂದ್ಯ ಗುರುವಾರ ಮಧ್ಯಾಹ್ನ, ಎದುರಿಗೆ ಟಿವಿಯವರೆಲ್ಲ ಹೊಗಳುತ್ತಿದ್ದ ದೊಡ್ಡ ತಂಡ. ಎರಡು ನಿಮಿಷ ಉಳಿದಾಗ ಅಂಕಲ್ ವಾಕರ್ ಹಿಡಿದು ಎದ್ದರು. ಆಂಟಿ ಬೈದರು, ನಾನು ಬೇಡವೆಂದೆ, ಕೇಳಲಿಲ್ಲ. ಗ್ಯಾರೇಜು ಮುಟ್ಟುವಷ್ಟರಲ್ಲಿ ಆಟದಲ್ಲಿ ನಾಲ್ಕೇ ಸೆಕೆಂಡು ಇತ್ತು. ತಂಡದಲ್ಲೇ ಎಲ್ಲರಿಗಿಂತ ಗಿಡ್ಡ ಹುಡುಗ ದೂರದಿಂದ ಎಸೆದ ಚೆಂಡು ಬುಟ್ಟಿಯ ಬಲೆಯೊಳಗೆ ಇಳಿಯಿತು. ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಬಾಗಿಲು ಮಾತ್ರ ತೆರೆಯಲಿಲ್ಲ. ಗಾಬರಿಯಾಗಿ ಓಡಿ ಹೋಗಿ ನೋಡಿದರೆ ಅಂಕಲ್ ಉಪ್ಪಿನ ಚೀಲದ ಮೇಲೆ ಕೂತು ಅಳುತ್ತಿದ್ದರು. "ಯಾವ ಕಡೆಯಿಂದ ಎಸೆದ? ಎಡಗಡೆಯಿಂದಲೋ ಬಲಗಡೆಯಿಂದಲೋ? ಸರಿಯಾಗಿ ಹೇಳಮ್ಮ" ಎಂದರು.

ಶನಿವಾರ ಎರಡನೇ ಪಂದ್ಯ. ಅಷ್ಟರಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಪಕ್ಕದ ಹಾಸಿಗೆಯ ರೋಗಿ ಮಲಗಿದ್ದರಿಂದ ಟಿವಿಯ ಸದ್ದು ತೆಗೆದುಬಿಟ್ಟಿದ್ದೆವು. ಊಟದ ತಟ್ಟೆ ಇಡುವ ಮೇಜಿನ ಮೇಲೆ ಬ್ರ್ಯಾಕೆಟ್ ಹಾಳೆ, ಪೆನ್ಸಿಲ್, ಹಳೆಯ ಹಾಳೆಗಳ ನೀಲಿ ಡಬ್ಬ. ಎರಡು ನಿಮಿಷ ಉಳಿದಾಗ ಅಂಕಲ್ ನನ್ನ ಕೈ ಹಿಡಿದರು.

"ನನ್ನ ಹೊರಗೆ ಕರ್ಕೊಂಡು ಹೋಗು. ಕಾರಿಡಾರಾದ್ರೂ ಸರಿ."

ನರ್ಸನ್ನು ಕೇಳಿದೆ. ಅವಳು ಅವರ ಮೈಗೆ ಸುತ್ತಿದ್ದ ವೈರು, ಕೊಳವೆಗಳನ್ನು ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದಳು. ಅಂಕಲ್ ಮುಖ ಮಗುವಿನಂತೆ ಸಣ್ಣದಾಯಿತು. "ನಾನಿಲ್ಲೇ ಇದ್ದರೆ ಆ ಹುಡುಗರು ಸೋತು ಹೋಗ್ತಾರಮ್ಮ..." ಎಂದರು. ಹಾಸ್ಯಕ್ಕಲ್ಲ, ನಿಜವಾಗಿ ಹೆದರಿದ್ದರು. ಕೊನೆಗೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಸೂಜಿ ಚುಚ್ಚಿ ಚುಚ್ಚಿ ಬೆರಳುಗಳು ನೀಲಿಗಟ್ಟಿದ್ದವು.

ಒಂದು ಪಾಯಿಂಟ್ ಹಿಂದೆ. ಏಳು ಸೆಕೆಂಡು. ಚೆಂಡು ಅದೇ ಗಿಡ್ಡ ಹುಡುಗನ ಕೈಯಲ್ಲಿ. ಅವನು ಒಬ್ಬನನ್ನು ದಾಟಿ, ಒಂದು ಹೆಜ್ಜೆ ಹಿಂದೆ ಸರಿದು ಎಸೆದ. ಚೆಂಡು ಬುಟ್ಟಿಯ ಅಂಚಿನ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು... ಹೊರಗೆ ಬಿತ್ತು.

"ಏನಾಯ್ತಮ್ಮ?"

ರಿಮೋಟ್ ಒತ್ತಿ ಟಿವಿ ಆರಿಸಿದೆ. "ಬಿತ್ತರೀ ಅಂಕಲ್" ಅಂದೆ. "ಗೆದ್ವಿ."

ಆಂಟಿ ಪರದೆಯನ್ನೇ ನೋಡುತ್ತಿದ್ದರು. ಥಟ್ಟನೆ ಕಿಟಕಿಯ ಕಡೆ ತಿರುಗಿದರು. ಅಂಕಲ್ ನಿಧಾನವಾಗಿ ಕೈ ಇಳಿಸಿ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಕ್ಕರು. "ಭೇಷ್" ಎಂದರು. "ಮುಂದಿನ ಮ್ಯಾಚ್ ಯಾವಾಗ?"

"ಗುರುವಾರ ಐತ್ರೀ."

"ಅಷ್ಟರಲ್ಲಿ ಎದ್ದು ಓಡಾಡೋ ಹಾಗಾಗಬೇಕು ನೋಡು. ಕಾರಿಡಾರಲ್ಲಿ ನಿಂತ್ಕೋಬೇಕಲ್ಲ."

ಆ ಗುರುವಾರ ಬರುವ ಮೊದಲೇ ಅವರು ಹೋದರು. ಹೇಳಲು ನಾಚಿಕೆಯಾಗುತ್ತದೆ, ಅಷ್ಟು ದುಃಖದಲ್ಲೂ ನನ್ನ ಮನಸ್ಸಿನ ಒಂದು ಮೂಲೆ ಹಗುರಾಗಿತ್ತು. ಇನ್ನು ಸುಳ್ಳಿನ ಮೇಲೆ ಸುಳ್ಳು ಪೋಣಿಸಬೇಕಿಲ್ಲ, ತಮ್ಮಿಂದ ಸೋತರೆಂಬ ಕೊರಗು ಅವರಿಗೆ ತಟ್ಟಲಿಲ್ಲ ಎಂದು. ಆದರೆ ಹಾಳೆಯ ಮೇಲೆ ಸುಳ್ಳು ಸಹಿಸದವರಿಗೆ ಕೊನೆಯಲ್ಲಿ ಸುಳ್ಳು ಹೇಳಿ ಕಳಿಸಿದೆನಲ್ಲ ಎಂಬ ಚುಚ್ಚು ಎಂಟು ವರ್ಷ ಬಿಡಲಿಲ್ಲ. ಆಂಟಿಯ ಹತ್ತಿರವೂ ಈ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಪ್ರತಿ ಮಾರ್ಚ್‌ನಲ್ಲೂ ಕೊನೆಯ ಎರಡು ನಿಮಿಷಕ್ಕೆ ನಾನೇ ಎದ್ದು ನಮ್ಮ ಗ್ಯಾರೇಜಿಗೆ ಹೋಗಿ ನಿಲ್ಲುವುದು ಯಾವಾಗ ರೂಢಿಯಾಯಿತೋ ಗೊತ್ತಿಲ್ಲ. ಸ್ಕೋರು ಕೂಗುವ ಕೆಲಸ ಮಗಳದು.

ಡಬ್ಬದಲ್ಲಿ ವರ್ಷಕ್ಕೊಂದರಂತೆ ಹಾಳೆಗಳಿದ್ದವು. ಎಲ್ಲಕ್ಕಿಂತ ಮೇಲಿನದು ಆಸ್ಪತ್ರೆಯದು. ಮೊದಲ ಸುತ್ತಿನಲ್ಲಿ ಅವರ ಕಾಲೇಜಿನ ಹೆಸರಿನ ಮುಂದೆ ದಪ್ಪ ಗುರುತು. ಎರಡನೇ ಸುತ್ತಿನ ಗೆರೆಯ ಮೇಲೆ ಒಂದು ಹೆಸರನ್ನು ಅಳಿಸಿದ ಕಲೆ, ಅದರ ಮೇಲೆ ಎದುರಾಳಿ ತಂಡದ ಹೆಸರು. ಅಕ್ಷರಗಳು ನಡುಗಿ ಗೆರೆ ಬಿಟ್ಟು ಕೆಳಗಿಳಿದಿದ್ದವು. ಪಕ್ಕದಲ್ಲಿ ಇಷ್ಟೇ ಬರೆದಿದ್ದರು.

"ಬೆರಳ ಸಂದಿಯಿಂದ ನೋಡಿದೆ. ಒಳ್ಳೇ ಶಾಟ್."

ಎಷ್ಟು ಹೊತ್ತು ಅತ್ತೆನೋ... ಅವರು ಕೊನೆಯವರೆಗೂ ಕಣ್ಣಿಟ್ಟು ನೋಡಿದ್ದು ಅದೊಂದೇ ಶಾಟು. ಚೆಂಡು ಬೀಳಲಿಲ್ಲ, ಆದರೂ ಅವರಿಗೆ ಅದು ಒಳ್ಳೆಯ ಶಾಟೇ ಆಗಿತ್ತು. ಸೋತದ್ದು ಗೊತ್ತಿದ್ದೂ ಗುರುವಾರದ ಮಾತು ಆಡಿದ್ದು ನನ್ನ ಮಾನ ಉಳಿಸಲು.

ನಿನ್ನೆ ಭಾನುವಾರ ಮಧ್ಯಾಹ್ನ ಮಗಳು ಟಿವಿ ಮುಂದೆ ಕೂತಿದ್ದಳು. "ಅಮ್ಮಾ, ಟೂ ಮಿನಿಟ್ಸ್! ಆರಂಟ್ ಯೂ ಗೋಯಿಂಗ್?" ಎಂದಳು. "ಇಲ್ಲ, ಇವತ್ತು ಇಲ್ಲೇ ಕೂಡ್ತೀನಿ" ಎಂದು ಅವಳ ಪಕ್ಕ ಕುಳಿತೆ. ಯಾವುದೋ ಊರಿನ, ಯಾರೂ ಕೇಳದ ಒಂದು ಕಾಲೇಜು. ಒಬ್ಬ ಹುಡುಗ ಎಸೆದ. ನಾನು ಕಣ್ಣು ಮುಚ್ಚಲಿಲ್ಲ. ಚೆಂಡು ಬಿತ್ತು.

ನಾನು ಗ್ಯಾರೇಜಿನ ಬಾಗಿಲಿಗೆ ಮುಖ ಮಾಡಿ "ಬಿತ್ತರೀ ಅಂಕಲ್!" ಎಂದು ಕೂಗಿಬಿಟ್ಟಿದ್ದೆ. ಮಗಳು ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಇಬ್ಬರೂ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡುತ್ತ ಕುಳಿತೆವು.