ಅತ್ತೆಗೆ ರಕ್ತದ ಗುಣ ತಿಳಿಸಿದ ಡಾಕ್ಟರಬಾಯಿ

ಗೋಕಾಕದ ಡಾಕ್ಟರಬಾಯಿ ಬಸುರಿಯರ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. “ಹೆದರಬ್ಯಾಡವಾ, ನಾ ಅದೀನಿ” ಎನ್ನುವುದು ಅವರ ಮಾತು.

ನನ್ನ ಮೊದಲ ಮಗಳು ಗಟ್ಟಿಯಾಗಿದ್ದಳು. ಆಮೇಲಿನ ಎರಡು ಕೂಸುಗಳು ಹುಟ್ಟುತ್ತಲೇ ಕಾಮಾಲೆಯಾಗಿ ತೀರಿಕೊಂಡವು. ನನ್ನ ಹಾಲೇ ವಿಷವೆಂದು ಅತ್ತೆ ನಂಬಿದ್ದರು. ಮತ್ತೆ ಬಸುರಾದಾಗ ಡಾಕ್ಟರಬಾಯಿ ನನ್ನ ಮತ್ತು ಗಂಡನ ರಕ್ತವನ್ನು ಮಿರಜಕ್ಕೆ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಅತ್ತೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

“ರಕ್ತದಾಗ ಆರ್‌ಎಚ್ ಅಂತ ಒಂದು ಗುಣ ಇರತೈತ್ರಿ. ನಿಮ್ಮ ಮಗಗ ಐತಿ, ಸೊಸಿಗಿಲ್ಲ. ಕೂಸಿಗೆ ಅಪ್ಪನ ಗುಣ ಬಂದ್ರ ತಾಯಿ ರಕ್ತ ಅದನ್ನ ಹೊರಗಿಂದು ಅಂತ ತಿಳಿದು ಕೆಡಸತೈತಿ. ಮೊದಲನೇ ಹೆರಿಗ್ಯಾಗ ಗುರುತು ಹಿಡೀತೈತಿ, ಮುಂದಿನ ಕೂಸುಗಳನ್ನ ಕಾಡತೈತಿ.”

“ಹಂಗಾರ ಈಕಿ ತಪ್ಪಲ್ಲೇನ್ರಿ?”

“ಯಾರ ತಪ್ಪೂ ಅಲ್ರಿ, ಅವ್ವಾ.”

ಹೆರಿಗೆಗೆ ಅವರೇ ನನ್ನನ್ನು ಮಿರಜದ ದವಾಖಾನೆಗೆ ಕರೆದೊಯ್ದರು. ಅಲ್ಲಿ ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಆ ಗುಣವಿಲ್ಲದ ಬೇರೆಯವರ ರಕ್ತ ಹಾಕಿದರು. ಅಷ್ಟು ಹೊತ್ತೂ ಡಾಕ್ಟರಬಾಯಿ ಕೂಸಿನ ಪಾದ ಹಿಡಿದು ಕೂತಿದ್ದರಂತೆ. ಮಗ ಉಳಿದ.

ಡಾಕ್ಟರಬಾಯಿಯ ಜೊತೆ ನಾವು ಮರಳಿದಾಗ ಅತ್ತೆ ದೃಷ್ಟಿ ತೆಗೆದು ನಿವಾಳಿಸಲು ರೊಟ್ಟಿ ಹಿಡಿದು ಬಾಗಿಲಲ್ಲಿದ್ದರು. “ಬಾಯಾರ, ನೀವೂ ನಿಲ್ರಿ” ಎಂದು ಅವರನ್ನು ನನ್ನ ಪಕ್ಕಕ್ಕೆ ಎಳೆದರು. ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಆಕೆ ತವರಿಗೆ ಬಂದ ಮಗಳಂತೆ ತಲೆ ತಗ್ಗಿಸಿ ನಿಂತರು.