ಚೌಡೇಶ ನೋಡದೇ ಉಳಿದ ಕೊನೆಯ ಸುತ್ತು

ನಮ್ಮ ಎದುರುಮನೆಯ ಚೌಡೇಶ ರೇಷ್ಮೆ ಸೀರೆ ನೇಯುವವನು. ಆದರೆ ಕೊಳ್ಳೇಗಾಲದಲ್ಲಿ ನಲವತ್ತು ದಾಟಿದ ಗಂಡಸರನ್ನು ಕೇಳಿದರೆ ‘ವಿಡಿಯೋ ಗೇಮ್ ಚೌಡೇಶನಾ?’ ಎಂದೇ ಕೇಳುತ್ತಾರೆ. ತೊಂಬತ್ತೈದನೇ ಇಸವಿಯಿಂದ ನಾಲ್ಕೈದು ವರ್ಷ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕೋಣೆಯಲ್ಲಿ ಅವನು ಬೀರುವಿನಷ್ಟು ಎತ್ತರದ ಎರಡು ಆಟದ ಪೆಟ್ಟಿಗೆ ಇಟ್ಟುಕೊಂಡಿದ್ದ. ಒಂದರಲ್ಲಿ ಬಣ್ಣದ ಇಟ್ಟಿಗೆ ಬೀಳುತ್ತಿದ್ದವು, ಇನ್ನೊಂದರಲ್ಲಿ ವಿಮಾನ ಹಾರಿಕೊಂಡು ಗುಂಡು ಹೊಡೆಯುತ್ತಿತ್ತು. ನಮ್ಮ ಯಜಮಾನರು ಆಗ ಇದ್ದರು. ಸೊಪ್ಪು ತರಲು ಹೋದವರು ಅಲ್ಲೇ ನಿಂತುಬಿಡುತ್ತಿದ್ದರು. ಕರೆಯಲು ಹೋದ ನಾನೂ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತಿದ್ದೇನೆ.

ಚೌಡೇಶ ಮಾತ್ರ ಆಡುತ್ತಿರಲಿಲ್ಲ. ಆಡುವವರ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡುವುದೇ ಅವನ ಕೆಲಸ. ಆ ವಿಮಾನದ ಆಟದಲ್ಲಿ ಎಂಟು ಸುತ್ತು. ಏಳನ್ನು ದಾಟಿದವನು ಕೆಂಪನಂಜಪ್ಪ ಒಬ್ಬನೇ. ಅವನು ಹನೂರಿನವನು, ಮಾರ್ಟಳ್ಳಿ ಕಡೆಗೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರು. ಒಂದು ಮಧ್ಯಾಹ್ನ, ಎರಡು ಟ್ರಿಪ್ಪಿನ ನಡುವೆ ಬಂದು ಆಡುತ್ತಾ ಎಂಟನೇ ಸುತ್ತಿನ ತುದಿಗೆ ಮುಟ್ಟಿಬಿಟ್ಟ. ಪರದೆಯ ತುಂಬ ಒಂದು ಬೂದು ಬಣ್ಣದ ಹಡಗು. ಅದರ ಅರ್ಧ ಹೊತ್ತಿಕೊಂಡು ಉರಿಯುತ್ತಿತ್ತು. ಆಗಲೇ ಕರೆಂಟು ಹೋಯಿತು.

ಮತ್ತೆ ಯಾರೂ ಅಲ್ಲಿಯವರೆಗೆ ಹೋಗಲಿಲ್ಲ. ಟಿವಿಗೆ ಸಿಕ್ಕಿಸಿ ಆಡುವ ಸಾಮಾನು ಮನೆಮನೆಗೆ ಬಂದ ಮೇಲೆ ಜನ ಕಡಿಮೆಯಾಗಿ ಕೋಣೆಗೆ ಬೀಗ ಬಿತ್ತು, ಚೌಡೇಶ ಮಗ್ಗಕ್ಕೆ ಮರಳಿದ. ಆ ಹಡಗು ಮುಳುಗಿದ ಮೇಲೆ ಏನಿತ್ತು ಎಂಬುದು ಮಾತ್ರ ಅವನ ತಲೆಯೊಳಗೆ ಗೆದ್ದಲಿನ ಹಾಗೆ ಕೂತಿತು. ಹೆಂಡತಿ ರೂಪ ಒಂದು ದಿನ ಫೋನಿನಲ್ಲಿ ಹುಡುಕಿ ಅಂಥದೇ ಆಟದ ಕೊನೆಯನ್ನು ತೋರಿಸಿದಳು. ಅವನು ನೋಡಿ ತಲೆಯಾಡಿಸಿದ. ಅದರಲ್ಲಿ ಹಡಗೇ ಇರಲಿಲ್ಲ. ಇವನದು ಯಾರೋ ಎಲ್ಲೋ ನಕಲು ಮಾಡಿ, ಒಳಗೆ ಏನೇನೋ ಬದಲಿಸಿ ಮಾರಿದ್ದ ಬೋರ್ಡು, ಮೇಲೆ ಹೆಸರು ಕೂಡ ಇಲ್ಲ. ಹಾಗಾಗಿ ಆ ಆಟದ ಕೊನೆ ಆ ಬೋರ್ಡಿನೊಳಗೆ ಬಿಟ್ಟರೆ ಬೇರೆಲ್ಲೂ ಸಿಗುವಂತಿರಲಿಲ್ಲ.

ಬೋರ್ಡು ಅಂದರೆ ಏನೆಂದು ನನಗೂ ಹೋದ ವರ್ಷವೇ ಗೊತ್ತಾಗಿದ್ದು. ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಆಟ ಇರುವುದು ಊಟದ ತಟ್ಟೆಯಷ್ಟಗಲದ ಒಂದು ಹಸಿರು ಹಲಗೆಯಲ್ಲಿ. ಉಳಿದದ್ದು ಟಿವಿ, ಗುಂಡಿ, ಮರ. ಹಿತ್ತಲಿನಲ್ಲಿಟ್ಟಿದ್ದ ಪೆಟ್ಟಿಗೆಗಳನ್ನು ಗೆದ್ದಲು ತಿಂದಿತ್ತು. ಅವನ್ನು ಒಡೆದು ಸೌದೆಗೆ ಹಾಕುವಾಗ ಚೌಡೇಶ ಎರಡು ಬೋರ್ಡುಗಳನ್ನು ಬಿಚ್ಚಿ ಹಳೆ ಸೀರೆಯಲ್ಲಿ ಸುತ್ತಿಟ್ಟ. ಪೆಟ್ಟಿಗೆ ಇಲ್ಲದೆಯೇ ಮನೆಯಲ್ಲಿ ಆಡಬಹುದೆಂದು ಎಲ್ಲಿಂದಲೋ ತಿಳಿದುಕೊಂಡ. ಬೋರ್ಡಿನ ಅಂಚಿನಲ್ಲಿ ಈ ಮಗ್ಗುಲಿಗೆ ಇಪ್ಪತ್ತೆಂಟು, ಆ ಮಗ್ಗುಲಿಗೆ ಇಪ್ಪತ್ತೆಂಟು ಹಿತ್ತಾಳೆ ಬಣ್ಣದ ಹಲ್ಲುಗಳಿವೆ. ಕೆಲವು ಹಲ್ಲು ಕರೆಂಟಿಗೆ, ಕೆಲವು ಚಿತ್ರಕ್ಕೆ, ಸದ್ದಿಗೆ, ಕೆಲವು ವಿಮಾನ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲಿಗೆ, ಗುಂಡಿಗೆ. ಯಾವ ಹಲ್ಲಿಗೆ ಯಾವ ತಂತಿ ಎಂಬುದರ ಪಟ ಒಂದನ್ನು ಪ್ರಿಂಟ್ ಹಾಕಿಸಿಕೊಂಡು ಬಂದ. ಕರೆಂಟಿಗೆ ಹಳೆ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ. ಚಿತ್ರವನ್ನು ಈಗಿನ ಟಿವಿಗೆ ಒಗ್ಗಿಸಲು ಕೊರಿಯರಿನಲ್ಲಿ ಬಂದ ಅಂಗೈಯಗಲದ ಇನ್ನೊಂದು ಬೋರ್ಡು. ಕಾಸು ಬೀಳುವ ಜಾಗಕ್ಕೆ ಕಾಲಿಂಗ್ ಬೆಲ್ ಸ್ವಿಚ್ಚು. ಅದನ್ನು ಒತ್ತಿದರೆ ಕಾಸು ಹಾಕಿದ ಲೆಕ್ಕ.

ತಂತಿ ಸೇರಿಸುವಾಗ ನನ್ನನ್ನು ಕರೆದ. ಮಗ್ಗದಲ್ಲಿ ಉದ್ದೆಳೆಗಳ ಹಳೆ ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ನಾನು ಬದುಕಿದ್ದೇ ಆ ಕೆಲಸದಲ್ಲಿ. ಸಾವಿರಾರು ಎಳೆ ಸೇರಿಸಿದವಳಿಗೆ ಐವತ್ತಾರು ತಂತಿ ಯಾವ ಮೂಲೆಗೆ? ಚೌಡೇಶ ಪಟ ನೋಡಿ ಬಣ್ಣ ಹೇಳಿದ, ನಾನು ಎಣಿಸಿ ಹಿಡಿದೆ, ಅವನು ಸೀಸ ಕರಗಿಸಿ, ಎರಡು ಬೋರ್ಡಿನ ಹಲ್ಲಿಗೂ ಸಿಕ್ಕಿಸಬಹುದಾದ ಒಂದು ಉದ್ದನೆ ಪಟ್ಟಿಗೆ ಅಂಟಿಸಿದ.

ಮೊದಲು ಇಟ್ಟಿಗೆ ಆಟದ ಬೋರ್ಡು ಸಿಕ್ಕಿಸಿ ಸ್ವಿಚ್ಚು ಹಾಕಿದ. ಕೂದಲು ಸುಟ್ಟ ವಾಸನೆ ಬಂತು. ಎಳೆಯಷ್ಟು ತೆಳ್ಳಗೆ ಹೊಗೆ ಎದ್ದಿತು. ಅಲ್ಲಿಗೆ ಆ ಬೋರ್ಡು ಮುಗಿಯಿತು.

ಎಲ್ಲಿ ತಪ್ಪಿತೆಂದು ಅವನೂ ನಾನೂ ಎರಡು ದಿನ ಎಣಿಸಿದ್ದೇ ಎಣಿಸಿದ್ದು. ಪಟದಲ್ಲಿದ್ದ ಹಾಗೆಯೇ ಇತ್ತು. ಕಂಡಿಕೆಗೆ ನೂಲು ಸುತ್ತುತ್ತಾ ನಮ್ಮನ್ನೇ ನೋಡುತ್ತಿದ್ದ ರೂಪ ಕೊನೆಗೆ ಎದ್ದು ಬಂದು ಪಟವನ್ನೂ ಬೋರ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

“ಈ ಪಟ ಬರ್ದೋನೂ ಮಗ್ಗದ್ ಮುಂದ್ ಕೂತಿದ್ನಾ? ಅವ್ನು ಮ್ಯಾಲಿಂದ ನೋಡವ್ನೆ, ನೀವು ಬೋರ್ಡ್ನ ಬೋರಲಾಕಂಡು ಎಣ್ಸಿದ್ದೀರಿ.”

ನಾವು ಸೀರೆಯನ್ನು ಮಗುಚಿ ನೇಯುವವರು. ಒಳಮೈ ನಮ್ಮ ಕಣ್ಣಿಗೆ, ಮೇಲ್ಮೈ ನೆಲಕ್ಕೆ. ಹೂವು ಸರಿಯಾಗಿ ಬಂದಿದೆಯೇ ಎಂದು ನೋಡಬೇಕಾದರೆ ಕೆಳಗೆ ಕೈಗನ್ನಡಿ ಹಿಡಿಯುತ್ತೇವೆ. ಚೌಡೇಶನ ಕೈ ತನಗೇ ಗೊತ್ತಿಲ್ಲದೆ ಬೋರ್ಡನ್ನೂ ಮಗುಚಿ ಹಾಕಿತ್ತು. ನನಗೂ ಅದು ವಿಚಿತ್ರವೆನಿಸಿರಲಿಲ್ಲ. ಎಡದ ತುದಿ ಬಲಕ್ಕೆ ಹೋಗಿ, ಒಂದೇ ಒಂದು ತಂತಿಯೂ ಅದರ ಜಾಗದಲ್ಲಿರಲಿಲ್ಲ.

ಎಲ್ಲ ಬಿಚ್ಚಿ ಮತ್ತೆ ಸೇರಿಸಿದೆವು. ಆದರೆ ವಿಮಾನದ ಬೋರ್ಡನ್ನು ಸಿಕ್ಕಿಸಲು ಅವನಿಗೆ ಕೈ ಬರಲಿಲ್ಲ. ಇದೂ ಸುಟ್ಟರೆ ಆ ಹಡಗಿನ ಕತೆ ಯಾರಿಗೂ ಗೊತ್ತಾಗದೆ ಹೋಗುತ್ತಿತ್ತು. ಮೂರು ವಾರ ಬೋರ್ಡು ಸೀರೆಯೊಳಗೇ ಇತ್ತು. ದಿನಕ್ಕೆ ಎರಡು ಸಲ ಮೀಟರು ಹಿಡಿದು ತಂತಿಗಳನ್ನು ಮುಟ್ಟಿ ನೋಡುವುದು, ಮತ್ತೆ ಮಗ್ಗಕ್ಕೆ ಹೋಗುವುದು. ರೂಪ ಬೇಸತ್ತು ಒಂದು ಭಾನುವಾರ ಅವನು ಸ್ನಾನಕ್ಕೆ ಹೋಗಿದ್ದಾಗ ತಾನೇ ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಸದ್ದು ಕೇಳಿ ಅವನು ಒದ್ದೆ ಮೈಯಲ್ಲೇ ಓಡಿಬಂದ. ಟಿವಿಯಲ್ಲಿ ನೀಲಿ ಸಮುದ್ರ, ಅದರ ಮೇಲೆ ಪುಟ್ಟ ವಿಮಾನ.

ಬೋರ್ಡು ಬದುಕಿತು, ಆದರೆ ಆಡುವವರು ಯಾರು? ಚೌಡೇಶ ಎರಡನೇ ಸುತ್ತನ್ನೂ ದಾಟಲಿಲ್ಲ. ಬೆಲ್ ಒತ್ತಿ ಎಷ್ಟು ಕಾಸು ಹಾಕಿದರೂ, ಸತ್ತರೆ ಆ ಸುತ್ತಿನ ಬುಡಕ್ಕೇ ವಾಪಸ್ಸು. ರೂಪಳ ಕೈ ಚುರುಕು, ನಾಲ್ಕರವರೆಗೆ ಹೋದಳು. ಆಮೇಲೆ ಎಲ್ಲಿಂದ ಏನು ಬರುತ್ತದೋ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಚೌಡೇಶ ಹನೂರಿಗೆ ಹೋಗಿ ಕೆಂಪನಂಜಪ್ಪನನ್ನೇ ಕರೆದುಕೊಂಡು ಬಂದ.

ಅವನಿಗೀಗ ಅರವತ್ತೈದು. ಬೆರಳು ಸೆಟೆದುಕೊಂಡಿವೆ. ಒಂದು ಸಲ ಆಡಿ, ಮೊದಲ ಸುತ್ತಲ್ಲೇ ಬಿದ್ದು, ಕೋಲನ್ನು ರೂಪಳ ಕಡೆಗೆ ತಳ್ಳಿದ. ದಾರಿ ಮಾತ್ರ ಅವನಿಗೆ ಅಳಿಯದೆ ನೆನಪಿತ್ತು. ಮಾರ್ಟಳ್ಳಿ ರಸ್ತೆಯ ಒಂದೊಂದು ಸ್ಟಾಪನ್ನೂ ಹೇಳುವವನ ಹಾಗೆ ಹೇಳುತ್ತಾ ಹೋದ.

“ನಾಕ್ನೆ ಮೋಡ ಆದ್ಮೇಲೆ ಬಲಗಡೆಯಿಂದ ಮೂರು ಬತ್ತವೆ. ನೀನು ಎಡಕ್ಕೆ ಅಂಟ್ಕಂಡಿರವ್ವ. ಲೇ ಚೌಡೇಶ, ಅಡ್ಡ ನಿಂತ್ಕಬ್ಯಾಡ ಕಣ್ಲಾ, ಟಿಕೇಟ್ ತಕಂಡಿದ್ದೀಯಾ?”

ನಾಲ್ಕು ಭಾನುವಾರ ಹಿಡಿಯಿತು. ನಾಲ್ಕನೆಯದರ ಮಧ್ಯಾಹ್ನ ಬೂದು ಹಡಗು ಬಂತು. ನಡುವೆ ಕರೆಂಟು ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಇನ್ವರ್ಟರು ಹಿಡಿದುಕೊಂಡಿತು, ಟಿವಿ ಆರಲಿಲ್ಲ. ರೂಪ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಹಡಗಿನ ಅರ್ಧ ಉರಿಯಿತು, ಇನ್ನರ್ಧವೂ ಉರಿಯಿತು, ಮುಳುಗಿತು. ಪರದೆಯ ಮೇಲೆ ಯಾವುದೋ ಭಾಷೆಯ ಎರಡು ಸಾಲು ಬಂದು ಹೋದವು. ಆಮೇಲೆ ಮತ್ತೆ ಸಮುದ್ರ, ಮತ್ತೆ ಅದೇ ಪುಟ್ಟ ವಿಮಾನ. ಆಟ ಮೊದಲಿನಿಂದ ಶುರುವಾಗಿತ್ತು.

“ಅಂಗಾರೆ ಅವತ್ತು ಕರೆಂಟು ಓಗ್ದೇ ಇದ್ರೂ ಇಷ್ಟೇಯಾ?” ಅಂದ ಚೌಡೇಶ.

“ಇಷ್ಟೇ ಕಣ್ಲಾ. ಇದುಕ್ಕೆ ನನ್ನ ನಾಕ್ ವಾರ ಅಲೆಸ್ದ್ಯಾ?” ಎಂದು ಕೆಂಪನಂಜಪ್ಪ ಟವಲು ಕೊಡವಿ ಎದ್ದ.

ರೂಪಳೂ ಕೋಲು ಬಿಡುವವಳಿದ್ದಳು. ಚೌಡೇಶ ಅವಳ ಹೆಗಲ ಮೇಲೆ ಕೈಯಿಟ್ಟು ಟಿವಿಗೆ ಮುಖ ತಂದ.

“ತಡಿ. ಮೊದಲ್ನೆ ಸಲ ನೀಲಿ ಇತ್ತು ಸಮುದ್ರ. ಈಗ ಅಸ್ರಾಗ್ಯದೆ ನೋಡು.”

“ಒಲೆ ಮ್ಯಾಲೆ ಅನ್ನಕ್ಕಿಟ್ಟಿವ್ನಿ ಕಣ್ರಿ.”

“ಕೈ ಬಿಡಬ್ಯಾಡ. ಮೂರ್ನೆ ಸಲ ಯಾವ ಬಣ್ಣ ಬತ್ತದೋ.”

ಕೆಂಪನಂಜಪ್ಪ ಹೊಸ್ತಿಲ ತನಕ ಹೋದವನು ತಿರುಗಿ ನೋಡಿದ. ಈಗಲೂ ನೀಲಿಯೇ, ನಿನ್ನ ಕಣ್ಣಿಗೆ ಜರಿಯ ಹೊಳಪು ಹಿಡಿದಿದೆ ಎಂದು ಬೈದ. ಬೈದು ಒಳಗೆ ಬಂದು ಮತ್ತೆ ಚಾಪೆಯ ಮೇಲೆ ಕೂತ. ಅನ್ನ ಇಳಿಸಲು ನಾನೇ ಒಳಗೆ ಹೋದೆ. ಗಂಜಿ ಬಸಿದು ಬರುವಷ್ಟರಲ್ಲಿ ವಿಮಾನ ಬಿದ್ದುಹೋಗಿತ್ತು. ಸಮುದ್ರ ಹಸಿರೋ ನೀಲಿಯೋ ಎಂಬ ಜಗಳ ಇನ್ನೂ ಬಗೆಹರಿದಿರಲಿಲ್ಲ. ರೂಪ ಬೆಲ್ ಒತ್ತುತ್ತಿದ್ದಳು.